ಮಶೀನ್‌ಗನ್ನಿಗೆ ಹಾಕುವ ನೀರು

ಗುಂಜಿ ಸ್ಟೇಷನ್ನಿನಿಂದ ಊರಿಗೆ ಹೋಗುವ ದಾರಿಯಲ್ಲಿ, ಮಾವಿನ ಮರದ ಕೆಳಗೆ ಗೌರವ್ವನ ಅರವಟಿಗೆ ಇತ್ತು. ಮರಳಿನಲ್ಲಿ ಹುಗಿದ ಮೂರು ಮಣ್ಣಿನ ಕೊಡ, ಮೇಲೊಂದು ತಟ್ಟಿಯ ನೆರಳು, ಒಂದು ಹಿತ್ತಾಳೆ ತಂಬಿಗೆ. ಶಿವರಾತ್ರಿ ಕಳೆದದ್ದೇ ತಡ, ಮಳೆ ಹಿಡಿಯುವವರೆಗೂ ರೈಲಿನಿಂದ ಇಳಿದವರಿಗೆ, ಅಡವಿಯಿಂದ ಕಟ್ಟಿಗೆ ಹೊತ್ತು ಬಂದವರಿಗೆ, ನೀವು ಯಾರು ಎತ್ತ ಎಂದು ಕೇಳದೆ ನೀರು ಕೊಡುತ್ತಿದ್ದಳು. ಗಂಡ ಸಿದರಾಯ ಬಸ್ರಾ ಕಡೆಯ ಲಡಾಯಿಯಲ್ಲಿ ಸತ್ತ ಮೇಲೆ ಅವನ ಹೆಸರಿನಲ್ಲಿ ಹಿಡಿದ ಕೆಲಸ ಅದು. ಒಂಬತ್ತು ಬೇಸಿಗೆಯಲ್ಲಿ ಒಂದು ದಿನ ತಪ್ಪಿಸಿರಲಿಲ್ಲ.

ಆ ದಾರಿ ತುಳಿಯುವವರಲ್ಲಿ ಅವಳ ಕೈಯ ನೀರು ಕುಡಿಯದವನು ಒಬ್ಬನೇ, ಉಳವಪ್ಪ. ಸಿದರಾಯನ ಜೋಡಿ ಪಲಟನ್ನಿಗೆ ಹೋಗಿ, ಅವನ ಜೋಡಿಯೇ ಮಶೀನ್‌ಗನ್ನು ಹೊರುವ ಹೇಸರಗತ್ತೆ ಹೊಡೆದು, ತಾನೊಬ್ಬನೇ ತಿರುಗಿ ಬಂದವನು. "ಈಗರ ಕುಡದ ಬಂದೇನವ್ವಾ" ಎನ್ನುವನು. ತುಟಿ ಒಣಗಿ ಬಿರಿದಿದ್ದರೂ ಸರಸರ ದಾಟಿ ಹೋಗುವನು. ಗೌರವ್ವನಿಗೆ ಇದು ಕಾಣದೆ ಇರಲಿಲ್ಲ. ಗೆಳೆಯನ ನೆನಪಾಗಿ ಸಂಕಟಪಡುತ್ತಾನೆ, ಪಾಪ, ಎಂದುಕೊಂಡು ಸುಮ್ಮನಿದ್ದಳು.

ಸಂಕಟವೇನೋ ಖರೆ. ಅದರ ಕಾರಣ ಬೇರೆಯಿತ್ತು. ಲಡಾಯಿಯಿಂದ ಬಂದ ದಿನ ಉಳವಪ್ಪ ಅವಳ ಮುಂದೆ ಕುಳಿತು ಹೇಳಿದ ಸಂಗತಿಯಲ್ಲಿ ಅರ್ಧ ನಿಜ, ಅರ್ಧ ಸುಳ್ಳು. ಮಶೀನ್‌ಗನ್ನು ನೀರು ಕುಡಿಯುತ್ತದೆ ಎಂಬುದು ನಿಜ. ಅದರ ನಳಿಗೆಯ ಸುತ್ತ ದಪ್ಪನೆಯ ಕೊಳವೆಯೊಂದಿರುತ್ತದೆ. ಅದರಲ್ಲಿ ನೀರು ತುಂಬದಿದ್ದರೆ ನಳಿಗೆ ಕಾದು ಕೆಟ್ಟು ಹೋಗುತ್ತದೆ. ಸಿದರಾಯ ಹೊಳೆಯ ದಂಡೆಯಲ್ಲಿ ಗುಂಡು ತಿಂದದ್ದು ಆ ಗನ್ನಿಗೆ ನೀರು ತರಲು ಹೋಗಿ ಎಂಬುದು ಮಾತ್ರ ಸುಳ್ಳು. ಅವತ್ತು ಗನ್ನಿನಲ್ಲಿ ನೀರು ಕಂಠಮಟ ಇತ್ತು. ಜ್ವರದಲ್ಲಿ ಕುಣಿಯೊಳಗೆ ಬಿದ್ದು ನೀರು, ನೀರು ಎಂದು ನರಳಿದವನು ಉಳವಪ್ಪ. ಯಾರ ಅಪ್ಪಣೆಗೂ ಕಾಯದೆ ಡಬ್ಬಿ ಎತ್ತಿಕೊಂಡು ಹೋದವನು ಸಿದರಾಯ. ಹೇಳದೆ ಕೇಳದೆ ಜಾಗ ಬಿಟ್ಟನೆಂದು ಸತ್ತವನ ಹೆಸರಿಗೆ ಕಳಂಕ ಬರಬಾರದೆಂದು ಹವಾಲ್ದಾರ ಗನ್ನಿನ ನೆಪ ಬರೆಸಿದ. ಉಳವಪ್ಪನೂ ಅದನ್ನೇ ಹಿಡಿದುಕೊಂಡು ಊರಿಗೆ ಬಂದ. ಆ ಸುಳ್ಳಿನ ಉಪಯೋಗ ಸತ್ತವನಿಗಿಂತ ಬದುಕಿ ಬಂದವನಿಗೇ ಹೆಚ್ಚಾಯಿತು ಎಂದರೆ ತಪ್ಪಾಗಲಾರದು.

ಸಾವಿರದ ಒಂಬೈನೂರ ಇಪ್ಪತ್ತಾರರ ಬೇಸಿಗೆಯಲ್ಲಿ ಬೆಳಗಾವಿಯ ನೇಮಣ್ಣನ ತಗಡಿನ ಥೇಟರಿಗೆ ವಿಲಾಯತಿ ಲಡಾಯಿಯ ಸಿನಿಮಾ ಬಂತು. ಸುದ್ದಿ ರೈಲು ಹತ್ತಿ ಖಾನಾಪುರಕ್ಕೆ, ಖಾನಾಪುರದಿಂದ ಗುಂಜಿಗೆ ತಲುಪಿತು. ಗೌರವ್ವ ಅರವಟಿಗೆಯ ಮುಂದೆಯೇ ಉಳವಪ್ಪನನ್ನು ಅಡ್ಡಗಟ್ಟಿದಳು.

"ಅಣ್ಣಾ, ಆ ಸಿನಿಮಾದಾಗ ಮಶೀನಗನ್ನ ತೋರಸ್ತಾರಂತ. ನನ್ನ ಕರಕೊಂಡ ಹೋಗು."

"ಹೆಣ್ಣಮಕ್ಕಳು ನೋಡೂವಂಥಾದ್ದಲ್ಲ ಬಿಡವಾ ಅದು."

"ನನ್ನ ಗಂಡ ಯಾವದಕ್ಕ ನೀರ ಹಾಕಾಕ ಹೋಗಿ ಸತ್ತಾನ, ಅದರ ಮಾರಿ ಒಮ್ಮೆರ ನೋಡಬೇಕು. ಅದು ನೀರ ಕುಡಿಯೂದನ್ನ ಕಣ್ಣಾರೆ ನೋಡಬೇಕು."

ಉಳವಪ್ಪ "ನೋಡೂಣು ತಗೋ" ಎಂದು ಸರಸರ ದಾಟಿ ಹೋದ. ಆದರೆ ಆ ರಾತ್ರಿ ಹಾಸಿಗೆಯಲ್ಲಿ ಹೊರಳಾಡುತ್ತ ಲೆಕ್ಕ ಹಾಕಿದಾಗ ಅವನಿಗೆ ಇದರಲ್ಲಿ ಹಿತವೇ ಕಂಡಿತು. ಸಿನಿಮಾದಲ್ಲಿ ಗನ್ನು ತೋರಿಸಿದ ಮೇಲೆ ನೀರು ಹಾಕುವುದನ್ನೂ ತೋರಿಸಲೇಬೇಕಲ್ಲ. ಅವಳು ಅದನ್ನು ನೋಡಿಬಿಟ್ಟರೆ ತನ್ನ ಮಾತು ಶಾಶ್ವತವಾಗಿ ಗಟ್ಟಿಯಾಯಿತು. ಇನ್ನು ಯಾರೂ ಕೆದಕುವಂತಿಲ್ಲ. ಹೀಗೆ ಎಣಿಸಿ ನಿದ್ದೆ ಹೋದ. ಮನುಷ್ಯನಿಗೆ ಕಂಡವರನ್ನು ಮೋಸಗೊಳಿಸುವುದಕ್ಕಿಂತ ತನ್ನನ್ನು ಸಮಾಧಾನಪಡಿಸಿಕೊಳ್ಳುವುದು ಸಲೀಸು.

ರವಿವಾರ ಗೌರವ್ವ ನಸುಕಿನಲ್ಲೇ ಕೊಡ ತುಂಬಿ, ದಾರಿಹೋಕರಿಗೆಂದು ತಂಬಿಗೆ ಇಟ್ಟು ಬಂದಳು, ಮೂವರೂ ರೈಲು ಹತ್ತಿದರು. ಮೂರನೆಯವಳು ಉಳವಪ್ಪನ ಹೆಂಡತಿ ಸತ್ಯವ್ವ. ಅವಳಿಗೆ ಲಡಾಯಿ ಬೇಕಾಗಿರಲಿಲ್ಲ, ಬೆಳಗಾವಿಯ ಬಳೆ ಬೇಕಾಗಿದ್ದವು.

ಥೇಟರಿನ ಮಾಲಕ ನೇಮಣ್ಣ ಜೈನರವನು. ಸೋಸದೆ ಒಂದು ಗುಟುಕು ನೀರು ಕುಡಿಯುವವನಲ್ಲ, ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟುವವನಲ್ಲ. ಇಂಥವನು ಸಾವಿರ ಜನ ಸಾಯುವ ಸಿನಿಮಾ ತರಿಸಿದ್ದು ಹೇಗೆಂದು ಯಾರಾದರೂ ಕೆಣಕಿದರೆ, "ಪಡದೆ ಮ್ಯಾಲ ಬಿದ್ದಾವ್ರು ಎದ್ದು ಮನಿಗೆ ಹೋಗಿರ್ತಾರ ತಗೋರಿ" ಎಂದು ನಗುತ್ತಿದ್ದ. ಅವನ ಮಗ ಪದ್ಮಾಕರ ಪಡದೆಯ ಪಕ್ಕದಲ್ಲಿ ಕೋಲು ಹಿಡಿದು ನಿಂತು, ಮೂಕ ಚಿತ್ರಕ್ಕೆ ಕನ್ನಡದಲ್ಲೊಮ್ಮೆ ಮರಾಠಿಯಲ್ಲೊಮ್ಮೆ ಮಾತು ಕೊಡುವನು. ಗುಂಡಿನ ಸಪ್ಪಳಕ್ಕೆ ಬಂಡೆಪ್ಪನ ಹಲಗೆ. ಹೆಂಗಸರಿಗೂ ಗಂಡಸರಿಗೂ ನಡುವೆ ಒಂದು ಹಗ್ಗ ಕಟ್ಟಿದ್ದರು. ಉಳವಪ್ಪ ಹಗ್ಗದ ಈಚೆ, ಗೌರವ್ವ ಆಚೆ ಕುಳಿತರು.

ಮೂರನೆಯ ರೀಲಿನಲ್ಲಿ ಮಶೀನ್‌ಗನ್ನು ಬಂತು. ಬಂಡೆಪ್ಪ ಕಟಕಟಕಟ ಎಂದು ಹಲಗೆ ಬಾರಿಸಿದ. ಉಳವಪ್ಪ ಹಗ್ಗದತ್ತ ಬಾಗಿ, "ಅದ ನೋಡವಾ, ಅದ" ಎಂದ. ಗೌರವ್ವ ಸೆರಗು ಬಿಗಿಹಿಡಿದು, ರೆಪ್ಪೆ ಬಡಿಯದೆ ನೋಡಿದಳು.

ಗುಂಡು ಹಾರುತ್ತಲೇ ಇತ್ತು. ಇನ್ನೂ ಹಾರಿತು. ಎದುರಿನವರು ಸಾಲುಸಾಲಾಗಿ ಬಿದ್ದರು. ಮೂರು ಪಟ್ಟಿ ಗುಂಡು ಮುಗಿಯುವುದರೊಳಗೆ ನೀರು ಕೊತಕೊತ ಕುದಿಯಬೇಕು, ರಬ್ಬರಿನ ನಳಿಯಿಂದ ಹಬೆ ಬರಬೇಕು. ಇಲ್ಲಿ ಹಬೆಯೂ ಇಲ್ಲ, ನಳಿಯೂ ಇಲ್ಲ, ನೀರಿನ ಡಬ್ಬಿಯಂತೂ ಮೊದಲೇ ಇಲ್ಲ. ಸಾಲದ್ದಕ್ಕೆ ಸಿನಿಮಾದ ಶೂರ ಗನ್ನನ್ನು ಕೂಸಿನ ಹಾಗೆ ಎದೆಗೆ ಎತ್ತಿಕೊಂಡು, ಕಾದ ನಳಿಗೆಯನ್ನು ಬರಿಗೈಯಲ್ಲಿ ಹಿಡಿದು, ಗುಂಡು ಹಾರಿಸುತ್ತ ಓಡಿದ.

"ನೋಡ್ರಿ, ನೋಡ್ರಿ! ಒಬ್ಬನ ನೂರ ಮಂದೀನ ಮಲಗಸಾಕತ್ತಾನ!" ಎಂದು ಪದ್ಮಾಕರ ಕೂಗಿದ.

ಗೌರವ್ವ ಮುಖ ತಿರುಗಿಸಿದಳು. ಪಡದೆಯ ಬೆಳಕಿನಲ್ಲಿ ಅವಳ ಕಣ್ಣು ನೇರವಾಗಿ ಉಳವಪ್ಪನ ಮೇಲಿತ್ತು.

"ಅಣ್ಣಾ, ನೀರೆಲ್ಲಿ?"

ಉಳವಪ್ಪನ ಮಾತಿನಲ್ಲಿ ನಿಜವಾಗಿದ್ದ ಅರ್ಧವನ್ನೇ ಸಿನಿಮಾದವರು ಸುಳ್ಳು ಮಾಡಿ ಕೂತಿದ್ದರು.

"ನೀರಿಲ್ಲದ ನಡಿಯಂಗಿಲ್ಲ ಅಂದಿದ್ದೆಲ್ಲ. ಇಲ್ಲಿ ಯಾರು ನೀರ ಹಾಕಿದ್ರು?"

ಉಳವಪ್ಪ ಎದ್ದು ನಿಂತ. "ಏ ನಿಲ್ಲಸ್ರೀ! ಇದು ಖೊಟ್ಟಿ ಐತಿ! ಆ ಗನ್ನ ಹೇಸರಗತ್ತಿ ಮ್ಯಾಲ ಹೇರಿದ ಕೈ ಇವು. ಅದನ್ನ ಹಂಗ ಹಿಡದ್ರ ಅಂಗೈ ಸುಟ್ಟ ಹೋಗತೈತಿ! ನೀರಿಲ್ಲದ ಎಂಥಾ ಮಶೀನಗನ್ನ ಅದು?"

"ಕುಂದರೋ ಮಾರಾಯಾ!" ಎಂದು ಹಿಂದಿನಿಂದ ನಾಲ್ಕಾರು ಜನ ಒದರಿದರು. ಪುಣ್ಯಕ್ಕೆ ಅಷ್ಟರಲ್ಲಿ ರೀಲು ಮುಗಿದು, ಇನ್ನೊಂದು ಏರಿಸುವುದಕ್ಕಾಗಿ ದೀಪ ಹತ್ತಿತು. ನೇಮಣ್ಣ ಓಡಿ ಬಂದ. ಜಗಳವಾಡುವವನಲ್ಲ ಅವನು, ಕೈ ಮುಗಿದೇ ಕೇಳಿದ.

"ಬಂದೂಕ ನೀರ ಕುಡಿತೈತೇನ್ರಿ? ನಾ ಎಲ್ಲೂ ಕೇಳಿಲ್ಲ."

ಉಳವಪ್ಪ ಬಾಯಿ ತೆರೆಯುವ ಮೊದಲೇ ಹಿಂದಿನ ಬೆಂಚಿನಿಂದ ಕ್ಯಾಂಪಿನ ಹಳೆಯ ಸಿಪಾಯಿಯೊಬ್ಬ ಎದ್ದ. ಈ ಮನುಷ್ಯ ಹೇಳುವುದು ಸತ್ಯ ಎಂದು ಮರಾಠಿಯಲ್ಲಿ ಗಟ್ಟಿಯಾಗಿ ಹೇಳಿದ. ತಾನೇ ಬಗ್‌ದಾದಿನ ದಾರಿಯಲ್ಲಿ ಆ ಗನ್ನಿಗೆ ಡಬ್ಬಿಗಟ್ಟಲೆ ನೀರು ಸುರಿದಿದ್ದೇನೆ, ತಾವು ಬಾಯಾರಿ ಸತ್ತರೂ ಅದಕ್ಕೆ ಮೊದಲು ಹಾಕುತ್ತಿದ್ದೆವು ಎಂದ. ಪದ್ಮಾಕರ ಚುರುಕಿನ ಹುಡುಗ. ಮುಂದಿನ ರೀಲಿನಲ್ಲಿ ಗನ್ನು ಬಂದಾಗಲೆಲ್ಲ, "ನೀರ ಹಾಕ್ಯಾರಂತ ತಿಳಕೊಳ್ರಿ" ಎಂದು ಸೇರಿಸುತ್ತ ಹೋದ. ಜನ ನಕ್ಕರು. ಗೌರವ್ವ ನಗಲಿಲ್ಲ.

ಹೊರಗೆ ಬಂದಾಗ ಅವಳ ಮುಖ ತಿಳಿಯಾಗಿತ್ತು. ಸ್ಟೇಷನ್ನಿನ ದಾರಿಯಲ್ಲಿ ನಿಂತು, ಉಳವಪ್ಪನ ಎದುರು ತಲೆ ತಗ್ಗಿಸಿದಳು.

"ಅಣ್ಣಾ, ಅಲ್ಲಿ ಕುಂತಾಗ ಒಂದ ಗಳಿಗಿ ನಿನ್ನ ಮ್ಯಾಲ ಸಂಶೇ ಬಂತು. ಗಂಡನ್ನ ಕಳಕೊಂಡಾಕಿಗೆ ಸುಳ್ಳ ಹೇಳ್ಯಾನೇನೋ ಅನಸ್ತು. ನನ್ನದು ತಪ್ಪಾತು. ಹೊಟ್ಟ್ಯಾಗ ಹಾಕ್ಕೋ."

ಉಳವಪ್ಪನಿಗೆ ಗೆದ್ದಂತೆ ಆಗಬೇಕಿತ್ತು. ಸಾಕ್ಷಿ ಸಮೇತ ಅವನ ಮಾತು ಗಟ್ಟಿಯಾಗಿತ್ತು. ಅವನು ಎಣಿಸಿದ್ದಕ್ಕಿಂತ ಚೆನ್ನಾಗಿಯೇ ಆಗಿತ್ತು. ಆದರೆ ಅವಳು ಕ್ಷಮೆ ಕೇಳಿದ್ದನ್ನು ಮಾತ್ರ ಅವನಿಗೆ ನುಂಗಲಾಗಲಿಲ್ಲ. ಒಂಬತ್ತು ವರ್ಷ ಒಳಗೆ ಸುಮ್ಮನೆ ಬಿದ್ದಿದ್ದ ಸುಳ್ಳು ಅವಳ ಆ ಒಂದು ಮಾತಿಗೆ ಎದ್ದು ಕುಳಿತಿತು. ರೈಲಿನಲ್ಲಿ ಸತ್ಯವ್ವ ಹೊಸ ಬಳೆ ಆಡಿಸುತ್ತ ಏನೇನೋ ಹೇಳುತ್ತಿದ್ದಳು. ದೇಸೂರು ದಾಟಿತು, ಖಾನಾಪುರ ದಾಟಿತು.

ಗುಂಜಿಯಲ್ಲಿ ಇಳಿದಾಗ ಹೊತ್ತು ಮುಳುಗುವುದರಲ್ಲಿತ್ತು. ದೀಪ ಹಚ್ಚಬೇಕೆಂದು ಸತ್ಯವ್ವ ಮುಂದೆ ಹೋದಳು. ಗೌರವ್ವ ಅರವಟಿಗೆಯ ಕೊಡಗಳನ್ನು ಇಣುಕಿ ನೋಡಿ, ರೂಢಿಯಂತೆ ತಂಬಿಗೆ ಎತ್ತಿದಳು.

"ನೀರ ಕುಡಿತಿಯೇನಣ್ಣಾ? ಮುಂಜಾನಿಂದ ಏನೂ ಕುಡದಿಲ್ಲ ನೀ."

ಅವನು ದಾಟಿ ಹೋಗಲಿಲ್ಲ. ಮರದ ಬುಡಕ್ಕೆ ಕೈ ಊರಿ ನಿಂತ.

"ಗೌರವ್ವಾ, ಗನ್ನ ನೀರ ಕುಡಿತೈತಿ, ಅದು ಖರೆ. ಆದ್ರ ಅವತ್ತು ಅದರ ಹೊಟ್ಟಿ ತುಂಬಿತ್ತು. ನೀರಡಿಕಿ ಆಗಿದ್ದು ನನಗ. ನಾ ಜ್ವರದಾಗ ನರಳಾಕತ್ತಿದ್ದೆ. ಸಿದರಾಯ ನನ್ನ ಸಲುವಾಗಿ ಹೋದ."

ತಂಬಿಗೆ ಹಿಡಿದ ಕೈ ಅಲ್ಲೇ ನಿಂತಿತು. ದಾರಿಯಲ್ಲಿ ಯಾವನೋ ಎತ್ತು ಹೊಡೆದುಕೊಂಡು ಹೋದ. ಅವನು ಮರೆಯಾದ ಮೇಲೆ ಗೌರವ್ವ ತಂಬಿಗೆಯನ್ನು ಕೊಡದ ಮೇಲಿಟ್ಟಳು.

"ಆ ನೀರು ನಿನಗ ಮುಟ್ಟಿತೇನು?" ಎಂದು ಕೇಳಿದಳು.

"ಮುಟ್ಟಿತು. ಡಬ್ಬಿ ತಳದಾಗ ಎರಡ ಗುಟುಕ ಉಳದಿತ್ತು. ಸಂಜೀಕ ಯಾರೋ ತಂದ ಬಾಯಿಗೆ ಹಿಡದ್ರು, ಕುಡದೆ. ಅಂವಾ ಹೋದ ಸುದ್ದಿ ಆಮ್ಯಾಲ ಗೊತ್ತಾತು." ಅವನು ತಂಬಿಗೆಯತ್ತ ಕೈ ತೋರಿಸಿದ. "ಅದಕ್ಕ ನಿನ್ನ ಕೈಯಾಗಿನ ನೀರ ನನಗ ಇಳಿಯಂಗಿಲ್ಲವಾ."

ಗೌರವ್ವ ನೆಲಕ್ಕೆ ಕುಳಿತಳು. ಕಣ್ಣೀರು ತಾನಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಒಂಬತ್ತ ವರ್ಷ! ಒಂಬತ್ತ ವರ್ಷ ನಾ ಒಂದ ಕಬ್ಬಣದ ತುಂಡಿಗೆ ಶಾಪಾ ಹಾಕ್ಕೊಂತ ಕುಂತೇನಿ. ಇದ್ದೊಬ್ಬ ಗಂಡ, ಜೀವ ಇಲ್ಲದ ಸಾಮಾನಕ್ಕ ನೀರ ಹಾಕಾಕ ಹೋಗಿ ಸತ್ತ ಅಂತ ಹೊಟ್ಟಿ ಉರಕೊಂಡೇನಿ. ಮನಷ್ಯಾಗ ನೀರ ಕೊಡಾಕ ಹೋಗಿದ್ದ ಅಂತ ಹೇಳಿದ್ರ ನಾ ಏನ ನಿನ್ನ ಹೊಡೀತಿದ್ನಾ?" ಮತ್ತೆ ತಾನೇ ಹೇಳಿದಳು, "ಹೊಡೀತಿದ್ದೆ. ಮೊದಲನೇ ವರ್ಷ ಹೊಡದ ಬಿಡ್ತಿದ್ದೆ."

"ಈಗರ ಹೊಡಿ" ಎಂದ ಉಳವಪ್ಪ.

ಅವಳು ಎದ್ದು ತಂಬಿಗೆಯನ್ನು ಕೊಡದಲ್ಲಿ ಅದ್ದಿ ತುಂಬಿದಳು.

"ಕುಂದರು. ಬೊಗಸಿ ಹಿಡಿ."

ಅವನು ಕುಕ್ಕರುಗಾಲಲ್ಲಿ ಕುಳಿತು ಎರಡೂ ಕೈ ಜೋಡಿಸಿ ಬಾಯಿಗೆ ಹಿಡಿದ. ಮೊದಲ ನೀರು ಬೆರಳ ಸಂದಿಯಿಂದ ಮಣ್ಣಿಗೆ ಹೋಯಿತು. ಅವಳು ಮತ್ತೆ ಸುರಿದಳು. ತಂಬಿಗೆ ಬರಿದಾಯಿತು, ಮತ್ತೆ ತುಂಬಿದಳು. ಅರವಟಿಗೆಯಲ್ಲಿ ಕುಡಿಯುವವರು ಸಾಕಾದಾಗ ತಲೆ ಅಲ್ಲಾಡಿಸುವುದು ರೂಢಿ. ಉಳವಪ್ಪ ಬಹಳ ಹೊತ್ತಿನವರೆಗೂ ತಲೆ ಅಲ್ಲಾಡಿಸಲಿಲ್ಲ.