ಪಕ್ಕದ ಮನೆಯ ಟವೆಲ್

ಫ್ಯಾನಿನ ಒಂದು ರೆಕ್ಕೆ ಸೊಟ್ಟಗಿದೆ, ಅದಕ್ಕೇ ಈ ಟಕ್ ಟಕ್, ಕಾನೂನು ಕಾಲೇಜಿನ ಈ ತರಗತಿಯಲ್ಲಿ ಇಷ್ಟು ವರ್ಷ ಪಾಠ ಮಾಡಿಯೂ ಇವತ್ತೇ ಕಂಡದ್ದು, ಮೈಕಿನಲ್ಲಿ ತನ್ನ ದನಿ ಯಾರದೋ ಎಂಬ ಹಾಗೆ ಕೇಳುತ್ತಿದೆ — ಗರ್ಭಪಾತ ಕಾನೂನಿನ ಚರಿತ್ರೆ ಅಂದರೆ ಅಪ್ಪಣೆಯ ಚರಿತ್ರೆ, ಧರ್ಮಗುರುವನ್ನು ಕೇಳಿದರು, ಗಂಡನನ್ನು ಕೇಳಿದರು, ವೈದ್ಯರನ್ನು ಕೇಳಿದರು, ಹೊರುವವಳನ್ನು ಮಾತ್ರ ಕೇಳುವುದು ಮರೆತರು — ಇಲ್ಲಿಗೆ ಬಂದಾಗ ಪ್ರತಿ ವರ್ಷ ಹುಡುಗಿಯರು ನಗುತ್ತಾರೆ, ಈಗಲೂ ನಕ್ಕರು, ತಾನೂ ನಕ್ಕಳು, ನಗುವಾಗಲೇ ಆ ಬಿಸಿನೀರಿನ ಚೀಲ ಕಣ್ಣಿಗೆ ಕಟ್ಟಿತು, ಬೆಳಿಗ್ಗೆ ಮಗಳ ಹೊದಿಕೆ ಸರಿಸಿದಾಗ ಅವಳ ಹೊಟ್ಟೆಯ ಮೇಲಿದ್ದದ್ದು, ನೀಲಿ ಅಂಚಿನ ಟವೆಲಿನಲ್ಲಿ ಸುತ್ತಿದ್ದು, ಈ ಟವೆಲ್ ನಮ್ಮದಲ್ಲವಲ್ಲ ಎಂದು ಮೊದಲು ಹೊಳೆದದ್ದು, ಮಗಳ ಮುಖ ಬಿಳಿಚಿದ್ದು ಕಂಡದ್ದು ಆಮೇಲೆ, ಏನಾಯ್ತೇ, ಏನಿಲ್ಲಮ್ಮ, ನಿನ್ನೆ ಆಸ್ಪತ್ರೆಗೆ ಹೋಗಿ ತೆಗೆಸ್ಕೊಂಡು ಬಂದೆ, ಒಬ್ಬಳೇನಾ, ಪಕ್ಕದ್ಮನೆ ಆಂಟಿ ಬಂದಿದ್ರು — ಪಕ್ಕದ ಮನೆಯಾಕೆ, ಮೆಟ್ಟಿಲ ಮೇಲೆ ಸಿಕ್ಕರೆ ನಿಮಗೆ ನೀರು ಬಂತಾ ಅನ್ನುವುದು ಬಿಟ್ಟರೆ ತಾನು ಆಕೆಯೊಡನೆ ಮಾತೇ ಆಡಿದ್ದಿಲ್ಲ — ಅವರು ಏನೂ ಕೇಳ್ಲಿಲ್ಲಮ್ಮ, ಏನಾದ್ರೂ ತಿಂದ್ಯಾ ಅಂದ್ರು ಅಷ್ಟೆ, ಮತ್ತೆ ನನಗ್ಯಾಕೆ ಹೇಳ್ಲಿಲ್ಲ, ನೀನು ಬರೀತಿರೋ ಪುಸ್ತಕದಲ್ಲೇ ಇದೆಯಲ್ಲ, ಯಾರಿಗೂ ಹೇಳ್ಬೇಕಾಗಿಲ್ಲ ಅಂತ, ದನಿಯಲ್ಲಿ ಕೊಂಕಿರಲಿಲ್ಲ, ಕೊಂಕಿದ್ದರೆ ಜಗಳವಾದರೂ ಆಡಬಹುದಿತ್ತು, ಆಮೇಲೆ ಗೋಡೆಯ ಕಡೆ ಹೊರಳಿ, ಹೇಳಿದ್ರೆ ನೀನು ಪಾಠ ಮಾಡ್ತಿದ್ದೆ.

ಮಾಡುತ್ತಿದ್ದಳು, ಸುಳ್ಳೇಕೆ. ಕಾಲೇಜಿನ ದೂರು ಸಮಿತಿಗೆ ಕಂಡವರ ಮಕ್ಕಳು ಬರುತ್ತಾರೆ, ಆಫೀಸಲ್ಲಿ ಸಾಹೇಬ್ರು ಭುಜದ ಮೇಲೆ ಕೈ ಇಡ್ತಾರೆ ಮೇಡಂ ಎಂದು ಬಿಕ್ಕುತ್ತಾರೆ, ಅವರ ಮುಂದೆ ನೀರಿನ ಲೋಟ ಸರಿಸಿ, ನಿಧಾನಕ್ಕೆ ಹೇಳಮ್ಮ, ನನಗೇನೂ ಅವಸರ ಇಲ್ಲ, ಅನ್ನುವವಳು ತಾನೇ, ಮನೆಗೆ ಬಂದರೆ ಪಾತ್ರೆ, ಬಟ್ಟೆ, ತಿದ್ದಬೇಕಾದ ಅಧ್ಯಾಯ, ಹೋದ ವಾರ ಬಾಗಿಲಲ್ಲಿ ನಿಂತು ಅಮ್ಮಾ ಅಂದಿದ್ದಳಲ್ಲ, ಒಂದ್ನಿಮಿಷ ಇರೇ, ಈ ಸಾಲು ಮುಗಿಸಿಬಿಡ್ತೀನಿ, ತಲೆ ಎತ್ತಿದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ, ಯಾವ ಸಾಲು ಅದು, ನಿರ್ಧಾರ ಅವಳೊಬ್ಬಳದೇ, ಹೌದು, ಅದೇ ಸಾಲು — ಮೇಡಂ, ಒಂದು ಡೌಟು, ಹಿಂದಿನ ಬೆಂಚಿನವಳು, ಸದಾ ಕಾಲೆಳೆಯುವವಳು, ಅಮ್ಮಂಗೂ ಹೇಳ್ಬೇಕಾಗಿಲ್ವಾ, ನಮ್ಮನೇಲಿ ಪೊಲೀಸ್ರಿಗಿಂತ ಅಮ್ಮನೇ ಜೋರು, ಎಲ್ಲರೂ ನಗುತ್ತಿದ್ದಾರೆ, ಹೇಳಬೇಕು ಅಂದುಬಿಡಲೇ, ಒಂದೇ ಒಂದು ಸಲ, ಅಮ್ಮನಿಗೆ ಮಾತ್ರ ಹೇಳಬೇಕು, ಆಸ್ಪತ್ರೆಯ ಬೆಂಚಿನಲ್ಲಿ ಪಕ್ಕದಲ್ಲಿ ಕೂರುವುದಕ್ಕಾದರೂ, ನಾಲಿಗೆಯ ತುದಿಗೆ ಬಂದುಬಿಟ್ಟಿದೆ, ಹಾಗೆಂದುಬಿಟ್ಟರೆ ನಾಳೆ ಈ ಹುಡುಗಿಯರಲ್ಲಿ ಯಾರ ಅಮ್ಮ ಯಾರನ್ನು ಕೋಣೆಯಲ್ಲಿ ಕೂಡಿಹಾಕುತ್ತಾಳೋ — ಬೇಕಾಗಿಲ್ಲ, ಎಂದಳು ಮೈಕಿಗೆ, ಹದಿನೆಂಟು ತುಂಬಿದವಳು ಅಮ್ಮನಿಗೂ ಹೇಳಬೇಕಾಗಿಲ್ಲ, ಬರೆದುಕೊಳ್ಳಿ, ಪೆನ್ನುಗಳು ಸರಸರ ಓಡಿದವು, ಟಕ್ ಟಕ್, ಮೇಡಂ, ಮುಂದೆ, ಮುಂದೆ ಏನಿತ್ತು, ಮನೆಯ ಬೀರುವಿನಲ್ಲಿ ಟವೆಲುಗಳಿದ್ದವು, ಮೆತ್ತಗಿನವು, ತಾನೇ ಒಗೆದು ಮಡಿಸಿಟ್ಟವು, ಕೈ ಚಾಚಿದರೆ ಸಿಗುವ ಹಾಗೆ, ಮೇಡಂ, ನೀಲಿ ಅಂಚು, ಒಗೆದೊಗೆದು ಮಾಸಿದ ನೀಲಿ ಅಂಚು.