ಕಾಯುವ ನಗಮಾ

ಸೊಲ್ಲಾಪುರದ ಬಾಳೀವೇಸಿನ ಒಳಓಣಿಯಲ್ಲಿ ಸಾತಲಿಂಗಪ್ಪ ಮಾಸ್ತರನ ಮನೆ ಹುಡುಕುವುದು ಕಷ್ಟವೇನಿರಲಿಲ್ಲ. ಬಾಗಿಲ ಮೇಲೆ ಒಂದು ಹಲಗೆ ತೂಗುತ್ತಿತ್ತು, ಮೇಲಿನ ಸಾಲು ಮರಾಠಿ, ಕೆಳಗಿನದು ಕನ್ನಡ: 'ತಬಲಾ ಖಾಸಗಿ ಶಿಕವಣಿ. ಹೊಸಬರು, ಅರ್ಧ ಬಂದವರು, ಪೂರ್ತಿ ಬಂದವರು, ಎಲ್ಲರಿಗೂ ಅವರವರ ಕೈಗೆ ತಕ್ಕಂತೆ.' ಪೂರ್ತಿ ಬಂದವರಿಗೆ ಕಲಿಸುವುದು ಏನುಳಿದಿದೆ ಎಂದು ಕೇಳುವ ಕಿಡಿಗೇಡಿಗಳು ಓಣಿಯಲ್ಲಿ ಇದ್ದೇ ಇದ್ದರು. ಅವರ ಮೇಲೆಯೇ ಹೆಚ್ಚು ದುಡಿಯಬೇಕಾಗುತ್ತದೆ ಎಂದು ಸಾತಲಿಂಗಪ್ಪ ನಗುತ್ತಿದ್ದ. ಆ ಮಾತು ಎಷ್ಟು ನಿಜವೆಂಬುದು ಆಗ ಅವನಿಗೂ ಗೊತ್ತಿರಲಿಲ್ಲ.

ಅವನು ಕಲಿತದ್ದು ಅಕ್ಕಲಕೋಟೆಯ ಭೀಮಶಾ ಗುರುಗಳ ಹತ್ತಿರ. ಗುರುಗಳ ಪಕ್ಕದಲ್ಲಿ ಸದಾ ಒಂದು ಬಾರುಕೋಲು ಇರುತ್ತಿತ್ತು. ತಾಳ ತಪ್ಪಿದರೆ ಅವರು ಬಯ್ಯುತ್ತಿರಲಿಲ್ಲ, ತಿಳಿಸಿ ಹೇಳುತ್ತಿರಲಿಲ್ಲ, ಕೋಲು ಗೆಣ್ಣಿನ ಮೇಲೆ ಬೀಳುತ್ತಿತ್ತು. ಉಳಿದವರಿಗಿಂತ ಸಾತಲಿಂಗಪ್ಪ ತಿಂದದ್ದು ಕಡಿಮೆ. ಲಯದಲ್ಲಿ ಅವನಷ್ಟು ಗಟ್ಟಿಗ ಇನ್ನೊಬ್ಬನಿಲ್ಲ ಎಂದು ಜೊತೆಗೆ ಕಲಿತ ಗುರುಭಾವುಗಳೇ ಒಪ್ಪಿದ್ದರು. ಆದರೂ ಆ ಕಡಿಮೆಯೇ ಅವನಿಗೆ ಸಾಕಾಗಿತ್ತು. ತಾನು ಕಲಿಸುವ ಕಾಲ ಬಂದರೆ ಒಬ್ಬನ ಕಣ್ಣಲ್ಲೂ ನೀರು ತರಿಸುವುದಿಲ್ಲವೆಂದು ಅಲ್ಲೇ ಆಣೆ ಮಾಡಿಕೊಂಡಿದ್ದ, ಮತ್ತು ಅದನ್ನು ಉಳಿಸಿಕೊಂಡಿದ್ದ. ನನ್ನ ಕೇಳಿದರೆ, ಆಣೆ ಮಾಡುವಾಗ ಮನುಷ್ಯ ಸ್ವಲ್ಪ ಸಡಿಲ ಬಿಟ್ಟುಕೊಂಡಿರಬೇಕು.

ಅವನ ಕಲಿಸುವ ಪದ್ಧತಿ ಹೀಗಿತ್ತು. ಶಿಷ್ಯ ತಬಲಾ ನುಡಿಸುವಾಗ ಮಾಸ್ತರ ಎದುರಿಗೆ ಹಾರ್ಮೋನಿಯಂ ಪೇಟಿ ಇಟ್ಟುಕೊಂಡು ನಗಮಾ ಹಿಡಿಯುತ್ತಿದ್ದ. ನಗಮಾ ಎಂದರೆ ಗಾಣದ ಎತ್ತಿನ ಹಾಗೆ ಸುತ್ತುವ ಒಂದೇ ಒಂದು ಚಿಕ್ಕ ಧಾಟಿ. ಹದಿನಾರು ಮಾತ್ರೆಗೆ ಒಂದು ಸುತ್ತು, ಸುತ್ತು ಶುರುವಾಗುವ ಜಾಗವೇ ಸಮ. ತಬಲಾದವನು ಎಲ್ಲಿ ಅಲೆದಾಡಿದರೂ ಕೊನೆಗೆ ಅಲ್ಲಿಗೇ ಬಂದು ಸೇರಬೇಕು. ಸಾತಲಿಂಗಪ್ಪನ ಮನೆಯಲ್ಲಿ ಮಾತ್ರ ಸಮವೇ ಶಿಷ್ಯನ ಕಡೆಗೆ ನಡೆದು ಬರುತ್ತಿತ್ತು. ಕಚೇರಿಯಿಂದ ಪೆನ್ಷನ್ ಆದ ಕಲ್ಯಾಣಪ್ಪನ ಬೆರಳು ಸೆಟೆದಿದ್ದವು. ಅವನು ತಡವರಿಸುವಲ್ಲಿ ನಗಮಾ ಸಾವಕಾಶ ನಿಂತು ಕಾಯುತ್ತಿತ್ತು. ಗಿರಣಿಯ ಕಾರಕೂನ ಮಲ್ಲಿಕಾರ್ಜುನನಿಗೆ ಭೋಂಗಾ ಕೂಗುವುದರೊಳಗೆ ಗಿರಣಿ ಮುಟ್ಟುವ ಅವಸರ. ನಗಮಾ ಅವನ ಹಿಂದೆ ಓಡುತ್ತಿತ್ತು. ಇನ್ನು ನಾಗಣಸೂರಿನ ಬಂಡೆಪ್ಪ ಪಾಟೀಲರು ದೊಡ್ಡ ಹೊಲಮನಿಯವರು, ಮಾತ್ರೆಯ ವಿಷಯದಲ್ಲೂ ಉದಾರಿಗಳು. ಹದಿನಾರು ಮಾತ್ರೆಯ ತೀನತಾಲ ಅವರ ಕೈಯಲ್ಲಿ ಸಾಧಾರಣ ದಿನಗಳಲ್ಲಿ ಹದಿನೈದು ಮಾತ್ರೆಯದು, ಜೋಳ ಚೆನ್ನಾಗಿ ಬಂದ ವರ್ಷ ಹದಿನೇಳಕ್ಕೂ ಏರುತ್ತಿತ್ತು. ಮಾಸ್ತರ ಒಂದು ಸ್ವರ ನುಂಗಿಯೋ ಒಂದನ್ನು ಎಳೆದೋ ಅವರನ್ನು ಸಮದ ಮೇಲೆ ಕೂಡಿಸುತ್ತಿದ್ದ. ಪ್ರತಿ ಸಲವೂ ಪಾಟೀಲರು ತಲೆ ಎತ್ತಿ, ಬಂದೆನೋ ಇಲ್ಲವೋ ಎಂದು ಕೇಳುವರು. ಬಂದಿರಿ ಪಾಟೀಲರೇ ಎಂದು ಇವನು ಹೇಳುವನು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಆ ಪೇಟಿ ಅವನ ಹೆಂಡತಿ ಗುರುಬಾಯಿಯ ತವರಿನದು. ಬೋರಾಮಣಿಯಲ್ಲಿ ಅವಳ ಅಪ್ಪ ಭಜನಾ ಮೇಳಕ್ಕೆ ಪೇಟಿ ಬಾರಿಸುತ್ತಿದ್ದ, ಮಗಳಿಗೂ ಕಲಿಸಿದ್ದ, ಮದುವೆಯಲ್ಲಿ ಅದನ್ನೇ ಕೊಟ್ಟು ಕಳಿಸಿದ್ದ. ಸೊಲ್ಲಾಪುರಕ್ಕೆ ಬಂದ ಮೇಲೆ ಬೆಳಗಿನಿಂದ ಸಂಜೆಯವರೆಗೆ ಶಿಷ್ಯರು. ಪೇಟಿ ಅವಳ ಕೈಗೆ ಸಿಕ್ಕಿದ್ದು ಒರೆಸುವಾಗ ಮಾತ್ರ. ಒಮ್ಮೆ ಅವಳೇ ಕೇಳಿದ್ದಳು, ಶಿಷ್ಯರಿಲ್ಲದೆ ನೀವೊಬ್ಬರೇ ತಬಲಾಕ್ಕೆ ಕೂತು ಎಷ್ಟು ದಿನವಾಯಿತು ಎಂದು. ದಿನವಿಡೀ ಅದರಲ್ಲೇ ಇರುವವನಿಗೆ ಬೇರೆ ರಿಯಾಜು ಯಾಕೆ ಎಂದು ಸಾತಲಿಂಗಪ್ಪ ಆ ಮಾತನ್ನು ತೇಲಿಸಿಬಿಟ್ಟ.

ಮೂವತ್ತನೆಯ ಇಸವಿಯ ಮಾರ್ಶಲ್ ಲಾ ಗದ್ದಲ ಮುಗಿದು ಊರು ತಣ್ಣಗಾದ ಮೇಲಿನ ಒಂದು ಆಷಾಢದಲ್ಲಿ ಅಕ್ಕಲಕೋಟೆಯಿಂದ ಸಾರಂಗಿಯ ಬೀರಣ್ಣ ಬಂದು ಸುದ್ದಿ ಹೇಳಿದ. ಗುರುಗಳಿಗೆ ಕಣ್ಣು ಹೋಗಿವೆ, ಕೈ ನಡುಗುತ್ತವೆ. ಈ ಗುರುಪೂರ್ಣಿಮೆಗೆ ಎಲ್ಲ ಶಿಷ್ಯರನ್ನೂ ಕೂಡಿಸಿ, ನುಡಿಸಲು ಹಚ್ಚಿ, ತಮ್ಮ ತಾಮ್ರದ ಡಗ್ಗಾ ಒಬ್ಬನ ಕೈಗೆ ಕೊಡುತ್ತಾರೆ. ತಬಲಾ ಜೋಡಿಯ ಎಡಗಡೆಯ ಆ ಡಗ್ಗಾ ಗುರುಗಳ ಗುರುಗಳದು. ಎಡಗೈ ಊರಿ ಒತ್ತಿದರೆ ಅದು ಮನುಷ್ಯನ ಹಾಗೆ ಹೂಂಗುಡುತ್ತಿತ್ತು. ಮನೆತನ, ಹೊಲ, ಹೆಸರು ಯಾವುದಕ್ಕೂ ಆಸೆಪಡದ ಸಾತಲಿಂಗಪ್ಪ ಜೀವನದಲ್ಲಿ ಆಸೆಪಟ್ಟದ್ದು ಅದೊಂದಕ್ಕೇ. ಅಂದು ಅವನಿಗೆ ಊಟ ಸೇರಲಿಲ್ಲ. ತನಗಲ್ಲದೆ ಅದು ಇನ್ನಾರಿಗೆ ಹೋಗುತ್ತದೆ ಎಂದು ಗುರುಬಾಯಿಗೆ ಎರಡೆರಡು ಸಲ ಹೇಳಿದ.

ಸುದ್ದಿ ಪಾಟೀಲರ ಕಿವಿಗೂ ಬಿತ್ತು. ಅಜ್ಜಗುರುಗಳ ಮುಂದೆ ತಾವೂ ನುಡಿಸಲೇಬೇಕೆಂದು ಹಟ ಹಿಡಿದರು. ಸಾತಲಿಂಗಪ್ಪ ನೆಪ ಹುಡುಕಿದ: ಮಳೆ, ದಾರಿ, ಬಿತ್ತಿಗೆ. ಬಿತ್ತಿಗೆ ಆಳುಗಳು ನೋಡಿಕೊಳ್ಳುತ್ತಾರೆ ಎಂದರು ಪಾಟೀಲರು. ಶಾಲು, ತೆಂಗಿನಕಾಯಿ, ಒಂದು ಬುಟ್ಟಿ ಪೇಢೆ ಹಿಡಿದು ಅವರು ಮಾಸ್ತರನ ಜೊತೆ ರೈಲು ಹತ್ತಿದರು. ಅಕ್ಕಲಕೋಟೆ ರೋಡಿನಲ್ಲಿ ಇಳಿದು ಟಾಂಗಾ ಹಿಡಿದು ಹೋಗುವಾಗ ದಾರಿಯುದ್ದಕ್ಕೂ ತೊಡೆಯ ಮೇಲೆ ಬೆರಳಾಡಿಸುತ್ತಿದ್ದರು. ಆ ಬೆರಳುಗಳನ್ನು ನೋಡದಿರಲು ಸಾತಲಿಂಗಪ್ಪ ಹೊಲಗಳನ್ನು ನೋಡುತ್ತಿದ್ದ.

ಗುರುಗಳ ಮನೆಯ ಪಡಸಾಲೆ ತುಂಬಿತ್ತು. ಗೋಡೆಗೊರಗಿ ಗುರುಗಳು, ಅವರ ಬಲಕ್ಕೆ ಕೆಂಪು ವಸ್ತ್ರ ಹೊದಿಸಿದ ಡಗ್ಗಾ, ಎಡಕ್ಕೆ ಅದೇ ಹಳೆಯ ಬಾರುಕೋಲು. ಶಾಲು ಹೊದಿಸಿದ ಪುಣ್ಯಕ್ಕೆ ಪಾಟೀಲರಿಗೆ ಮೊದಲ ಪಾಳಿ ಸಿಕ್ಕಿತು. ಬೀರಣ್ಣ ಸಾರಂಗಿಯ ಮೇಲೆ ನಗಮಾ ಎತ್ತಿದ. ಗುರುಗಳು ಮೆಲ್ಲಗೆ ಕೈತಾಳ ಹಾಕತೊಡಗಿದರು. ಪಾಟೀಲರು ಜೋರಾಗಿ ಶುರು ಮಾಡಿ, ಎರಡು ಸುತ್ತು ಸುತ್ತಿ, ಮೂರು ಸಲ ಒಂದೇ ಬೋಲು ಹೊಡೆದು ಮುಗಿಸುವ ತಿಹಾಯಿಯನ್ನು ಠಣ್ಣೆಂದು ಮುಗಿಸಿದರು. ಅಲ್ಲಿ ಸಮ ಇರಲಿಲ್ಲ. ಇನ್ನೊಮ್ಮೆ ಮಾಡಿದರು, ಆಗಲೂ ಇರಲಿಲ್ಲ. ಪಾಟೀಲರು ಕೈ ನಿಲ್ಲಿಸಿ ಬೀರಣ್ಣನ ಕಡೆ ಕನಿಕರದಿಂದ ನೋಡಿದರು.

"ಸಾರಂಗಿ ತಪ್ಪಾಕತ್ತೈತ್ರಿ ಗುರುಗಳ. ಪಾಪ, ಅವರಿಗೂ ವಯಸ್ಸಾತು. ನಮ್ಮ ಮಾಸ್ತರ್ರು ನಗಮಾ ಹಿಡದ್ರ ಬರೋಬ್ಬರಿ ಆಗತೈತಿ."

ಗುರುಗಳು ಮುಗುಳ್ನಕ್ಕು ಪೇಟಿ ತರಿಸಿದರು, ಸಾತಲಿಂಗಪ್ಪನನ್ನು ಕರೆದು ಕೂಡಿಸಿದರು.

ಪೇಟಿಯ ಮುಂದೆ ಕೂತಾಗ ಅವನು ಗಟ್ಟಿಮನಸ್ಸು ಮಾಡಿದ. ಇವತ್ತು ನಗಮಾ ನೆಟ್ಟಗೆ ಹೋಗಬೇಕು. ಪಾಟೀಲರು ಬಿದ್ದರೆ ಬೀಳಲಿ, ನಾಳೆಯಿಂದ ಬರುವುದು ಬಿಟ್ಟರೆ ಬಿಡಲಿ. ಡಗ್ಗಾ ಎದುರಿಗಿದೆ, ಗುರುಗಳು ಕೇಳುತ್ತಿದ್ದಾರೆ. ಒಂದು ಸುತ್ತು ಹೋಯಿತು, ಎರಡು ಸುತ್ತು ಹೋಯಿತು, ನೆಟ್ಟಗೇ ಹೋಯಿತು. ಪಾಟೀಲರು ತಿಹಾಯಿಗೆ ಕೈ ಎತ್ತಿದರು, ಒಂದು ಮಾತ್ರೆ ಮೊದಲೇ ಬಂದರು. ಸಾತಲಿಂಗಪ್ಪನ ಬೆರಳುಗಳು ಅವನನ್ನು ಕೇಳಲೇ ಇಲ್ಲ, ಒಂದು ಸ್ವರ ನುಂಗಿ ಪಾಟೀಲರನ್ನು ಅಲ್ಲೇ ಭೇಟಿಯಾದವು. ಪಾಟೀಲರು ಗೆದ್ದವರಂತೆ ತಲೆ ಎತ್ತಿದರು. ಆಮೇಲೆ, ಎಲ್ಲ ಸದ್ದು ಮುಗಿದ ಮೇಲೆ, ಗುರುಗಳ ಕೈತಾಳದ ಚಪ್ಪಾಳೆ ಸಮ ಬೀಳಬೇಕಾದ ಜಾಗದಲ್ಲಿ ಒಂಟಿಯಾಗಿ ಬಿತ್ತು. ಗುರುಭಾವುಗಳು ನೆಲ ನೋಡಿದರು.

ಗುರುಗಳು, ಈಗ ನೀನು ನುಡಿಸು ಎಂದು ಸಾತಲಿಂಗಪ್ಪನಿಗೆ ಹೇಳಿದರು. ಬೀರಣ್ಣ ಮತ್ತೆ ಸಾರಂಗಿ ಎತ್ತಿಕೊಂಡ. ಸಾತಲಿಂಗಪ್ಪನ ಕೈ ಒಳ್ಳೆಯ ಕೈಯೇ. ಮೊದಲ ಬೋಲಿಗೇ ಪಡಸಾಲೆ ನೆಟ್ಟಗೆ ಕೂತಿತು, ಹಳೆಯ ಸಾತಲಿಂಗ ಬಂದ ಎಂದು ಒಬ್ಬರಿಗೊಬ್ಬರು ಕಣ್ಸನ್ನೆ ಮಾಡಿದರು. ಅವನಿಗೂ ಹುರುಪು ಬಂತು. ಆ ಹುರುಪಿನಲ್ಲಿ ಎಲ್ಲೋ ಅರ್ಧ ಮಾತ್ರೆ ಜಾರಿತು. ಜಾರಿದ್ದಕ್ಕೆ ಅವನಿಗೆ ಹೆದರಿಕೆಯೇ ಆಗಲಿಲ್ಲ. ಆರಾಮವಾಗಿ ತಿಹಾಯಿ ಮುಗಿಸಿ, ಸಮ ತನ್ನ ಹತ್ತಿರ ಬರಲೆಂದು ಕಾದ. ಹಿಂದೆ ಮಣೆ ಇದೆಯೆಂದು ಕೂತವನಿಗೆ ಮಣೆ ಇರಲಿಲ್ಲ. ಸಾರಂಗಿ ತನ್ನ ಪಾಡಿಗೆ ತಾನು ಮುಂದೆ ಹೋಯಿತು.

ಅವನು ಕೈ ಮುಂದೆ ಚಾಚಿದ, ಗೆಣ್ಣು ಮೇಲೆ ಮಾಡಿ. ಗುರುಗಳು ಕೋಲು ಮುಟ್ಟಲಿಲ್ಲ. ಅದಕ್ಕಿಂತ ದೊಡ್ಡ ಪೆಟ್ಟು ಅವನಿಗೆ ಯಾವತ್ತೂ ಬಿದ್ದಿರಲಿಲ್ಲ.

"ಹೊಡದ್ರ ಏನು ಬಂತೋ ಸಾತಲಿಂಗ," ಎಂದರು ಗುರುಗಳು. "ತಪ್ಪಿದ್ದು ಗೊತ್ತಾಗಲಿ ಅಂತ ಹೊಡೀತಿದ್ನೆಪ್ಪಾ. ನೀ ತಪ್ಪಿ ಕಾಯಾಕತ್ತಿದ್ದಿ, ಯಾರರೆ ಬಂದು ಕರಕೊಂಡು ಹೋಗಲಿ ಅಂತ."

ಉಳಿದವರ ಪಾಳಿಯೂ ಮುಗಿದ ಮೇಲೆ ಕೆಂಪು ವಸ್ತ್ರವನ್ನು ಡಗ್ಗಾದ ಸುತ್ತ ಇನ್ನಷ್ಟು ಬಿಗಿಯಾಗಿ ಸುತ್ತಿ, ಮುಂದಿನ ಗುರುಪೂರ್ಣಿಮೆಯವರೆಗೆ ಇದು ಇಲ್ಲೇ ಇರುತ್ತದೆ, ತಾವೂ ಇದ್ದರೆ ನೋಡೋಣ ಎಂದರು.

ಮರಳಿ ಬರುವಾಗ ರೈಲಿನಲ್ಲಿ ಪಾಟೀಲರು ಮಾಸ್ತರನಿಗೆ ಸಮಾಧಾನ ಹೇಳಿದರು. ಮುದುಕರಿಗೆ ಕಿವಿ ಮಂದವಾಗಿರಬೇಕು. ಬೀರಣ್ಣನನ್ನಂತೂ ಆ ಮನೆಗೆ ಬಿಟ್ಟುಕೊಳ್ಳಲೇಬಾರದು. ಸಾತಲಿಂಗಪ್ಪ ಹೂಂಗುಟ್ಟುತ್ತ ಬುಟ್ಟಿಯಲ್ಲಿ ಉಳಿದ ಪೇಢೆ ತಿಂದ. ನಾಚಿಕೆಯಿಂದ ಅವನಿಗೆ ಅದರ ರುಚಿ ಹತ್ತಲಿಲ್ಲ.

ಮರುದಿನದಿಂದ ಬಾಳೀವೇಸಿನ ನಗಮಾ ನೆಟ್ಟಗಾಯಿತು. ಬೆರಳು ನುಂಗಲು ಹೋದರೆ ಅವನು ತುಟಿ ಕಚ್ಚಿ ತಡೆದ. ಎಳೆಯಲು ಹೋದರೆ ತಲೆಯಲ್ಲೇ ಮಾತ್ರೆ ಎಣಿಸಿದ. ಕಲ್ಯಾಣಪ್ಪ ತಡವರಿಸಿದ, ನಗಮಾ ನಿಲ್ಲಲಿಲ್ಲ. ಮಲ್ಲಿಕಾರ್ಜುನ ಓಡಿದ, ನಗಮಾ ಅವನ ಬೆನ್ನು ಹತ್ತಲಿಲ್ಲ. ಸಾತಲಿಂಗಪ್ಪ ಬಯ್ಯಲಿಲ್ಲ, ಹೊಡೆಯಲಿಲ್ಲ. ತಪ್ಪಿದ್ದು ಎಲ್ಲಿ ಎಂದು ಮೆತ್ತಗೆ ತೋರಿಸಿದ, ಅಷ್ಟೆ. ಇಷ್ಟು ವರ್ಷ ತಪ್ಪದವರು ಈಗ ಹೇಗೆ ತಪ್ಪುತ್ತಾರೆ? ಸೊಲ್ಲಾಪುರದ ಬುದ್ಧಿವಂತರು ಕೂಡಿ ವಿಚಾರ ಮಾಡಿದರು. ಅಕ್ಕಲಕೋಟೆಗೆ ಹೋಗಿ ಬಂದಾಗಿನಿಂದ ಮಾಸ್ತರನ ಲಯ ಕೆಟ್ಟಿದೆ ಎಂದು ಚಹಾದ ಅಂಗಡಿಯಲ್ಲಿ ತೀರ್ಮಾನ ಆಯಿತು. ಗುರುಗಳು ಎಲ್ಲರೆದುರು ಅವನಿಗೆ ಡಗ್ಗಾ ಕೊಡದೆ ಕಳಿಸಿದ್ದೇ ಅದಕ್ಕೆ ಸಾಕ್ಷಿ. ಒಬ್ಬೊಬ್ಬರೇ ಜಾರಿಕೊಂಡರು, ಒಬ್ಬನಿಗೆ ಸೊಂಟನೋವು, ಇನ್ನೊಬ್ಬನಿಗೆ ಗಿರಣಿಯಲ್ಲಿ ಪಾಳಿ ಬದಲಾಯಿತು.

ಪಾಟೀಲರು ಮಾತ್ರ ಶ್ರಾವಣದವರೆಗೆ ಬಂದರು. ದೊಡ್ಡ ಮನಸ್ಸಿನವರು. ಕಡೆಯ ದಿನ ಮೂರು ಸಲ ಸಮ ಬಿಟ್ಟು ಬಿದ್ದು, ಡಗ್ಗಾ ಪಕ್ಕಕ್ಕೆ ಸರಿಸಿ, ಮಾಸ್ತರನ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಸಾತಲಿಂಗಪ್ಪನ ಆಣೆ ಮುರಿದದ್ದು ಹಾಗೆ.

"ಮಾಸ್ತರ, ನೀವು ವಿಶ್ರಾಂತಿ ತಗೋರಿ. ಹನ್ನೂರಾಗ ಒಬ್ರು ವೈದ್ಯರು ಅದಾರ, ಕೈಗೆ ಎಣ್ಣಿ ಕೊಡತಾರ. ನೀವು ಕಲಿಸಿದ್ದು ಹಾಳಾಗಾಕ ನಾ ಬಿಡಂಗಿಲ್ರಿ. ನಾಗಣಸೂರಾಗ ನಾನ ಕ್ಲಾಸು ತೆಗೀತೀನಿ."

ಹೋಗುವಾಗ ಅವರು ಬಾಗಿಲ ಮೇಲಿನ ಹಲಗೆಯನ್ನು ಕೇಳಿದರು. ಸಾತಲಿಂಗಪ್ಪ ತಾನೇ ಕುರ್ಚಿ ಹತ್ತಿ ಅದನ್ನು ಬಿಚ್ಚಿ, ಧೂಳು ಕೊಡವಿ ಕೊಟ್ಟ. ಎಲ್ಲರಿಗೂ ಅವರವರ ಕೈಗೆ ತಕ್ಕಂತೆ ಎಂಬ ಮಾತು ಟಾಂಗಾ ಹತ್ತಿ ಓಣಿ ತಿರುವಿನಲ್ಲಿ ಮರೆಯಾಯಿತು. ಅವನಿಗೆ ಸಿಟ್ಟು ಬರಲಿಲ್ಲ. ಮನೆ ಮಾತ್ರ ಖಾಲಿ ಎನಿಸಿತು.

ಒಳಗೆ ಗುರುಬಾಯಿ ಮಧ್ಯಾಹ್ನದ ಭಾಂಡಿ ತಿಕ್ಕಿ ಮುಗಿಸಿದ್ದಳು. ಮುಂದಿನ ಗುರುಪೂರ್ಣಿಮೆಗೆ ಅಕ್ಕಲಕೋಟೆಗೆ ಹೋಗುತ್ತೀರೇನು ಎಂದು ಕೇಳಿದಳು. ಹೋಗಬೇಕು ಎಂದ ಅವನು. ನಗಮಾ ಹಿಡಿಯುವವರು ಯಾರೂ ಇಲ್ಲ ಎಂದೂ ಹೇಳಿದ. ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದು ಪೇಟಿಯ ಮುಂದೆ ಕೂತಳು. ಇಷ್ಟು ವರ್ಷ ಗೋಡೆಯಾಚೆಯಿಂದ ಆ ಧಾಟಿ ಕೇಳಿದವಳಿಗೆ ಅದನ್ನು ಕಲಿಸಬೇಕಾಗಿರಲಿಲ್ಲ. ಮೊದಲ ಸುತ್ತಿಗೆ ಪೇಟಿಗೆ ಗಾಳಿ ತುಂಬುವ ಭಾತೆ ಸ್ವಲ್ಪ ಕಿರುಗುಟ್ಟಿತು, ಆಮೇಲೆ ಸರಿಹೋಯಿತು.

ಸಾತಲಿಂಗಪ್ಪ ನುಡಿಸಿದ. ನಾಲ್ಕನೆಯ ಸುತ್ತಿನಲ್ಲಿ, ಅಕ್ಕಲಕೋಟೆಯಲ್ಲಿ ಜಾರಿದಂಥದೇ ಜಾಗದಲ್ಲಿ, ಅರ್ಧ ಮಾತ್ರೆ ಜಾರಿತು. ಅವನು ಕೈ ಎತ್ತಿ ಹಿಡಿದು ಹೆಂಡತಿಯ ಮುಖ ನೋಡಿದ. ಅವಳು ಇವನ ಕಡೆ ನೋಡಲೂ ಇಲ್ಲ, ಭಾತೆ ಒತ್ತುತ್ತಲೇ ಇದ್ದಳು.

"ತಪ್ಪೈತಿ, ಒಂಚೂರು ನಿಲ್ಲು," ಎಂದ ಅವನು.

"ನಾ ಯಾಕ ನಿಲ್ಲಬೇಕ್ರಿ? ಈ ಪೇಟಿ ನನಗ ಸಿಗಲಿ ಅಂತ ಇಷ್ಟು ವರ್ಷ ನಿಂತೇನಿ," ಎಂದಳು ಗುರುಬಾಯಿ, ಬೆರಳು ನಿಲ್ಲಿಸದೆ. "ನೀವ ಬಂದು ಕೂಡ್ಕೋರಿ."

ಅವನಿಗೆ ಮೊದಲು ಅವಮಾನವಾಯಿತು. ಆಮೇಲೆ, ಯಾಕೋ, ಬಹಳ ದಿನದ ಮೇಲೆ ಗೆಣ್ಣಿನ ಮೇಲೆ ಪೆಟ್ಟು ಬಿದ್ದಷ್ಟು ಹಿತವಾಯಿತು. ನಗಮಾ ಸುತ್ತು ಮುಗಿಸಿಕೊಂಡು ಬರುತ್ತಿತ್ತು. ಸಾತಲಿಂಗಪ್ಪ ಕಣ್ಣೊರೆಸಿಕೊಂಡು, ಕೈ ತಬಲಾದ ಮೇಲಿಟ್ಟು, ಸಮ ಬಂದಾಗ ತಾನೇ ಅದಕ್ಕೆ ಕೂಡಿಕೊಳ್ಳಲು ಕಾಯುತ್ತ ಕೂತ.