ನೊರೆಯ ಬಳೆಗಳು

ಫ್ರಿಜ್ಜಿನಲ್ಲಿಟ್ಟಿದ್ದ ಬಿಯರ್ ಬಾಟಲಿ ಸಂಜೆ ಹೊತ್ತಿಗೆ ಅಡುಗೆಕಟ್ಟೆಯ ಮೇಲೆ ನಿಂತಿರುವುದನ್ನು ಮೊದಲ ಸಲ ಕಂಡಾಗ ಯಶ್ಮಿತಾ ಅತ್ತೆಯ ಮೇಲೆ ಅನುಮಾನಪಟ್ಟಳು. ಮುದ್ದು ಎಂಬ ಹೆಸರಿನ ಆ ಅತ್ತೆ ಸೊಸೆಯ ಮೇಲೆ ಅನುಮಾನಪಟ್ಟರು. ಇಬ್ಬರೂ ಬಾಯಿಬಿಡಲಿಲ್ಲ. ದೇರೆಬೈಲಿನ ಆ ಮನೆಯಲ್ಲಿ ಈಗ ಅವರಿಬ್ಬರೇ. ಜಗಳವಾದರೆ ಬಿಡಿಸಲು ಮೂರನೆಯವರಿಲ್ಲ.

ಬಾಟಲಿ ಯಶ್ಮಿತಾಳ ಗಂಡ ಜಿತೇಶನದು. ಏಪ್ರಿಲಿನಲ್ಲಿ ಕೆಲಸ ಮುಗಿಸಿ ಬರುತ್ತಿದ್ದಾಗ ಹೆದ್ದಾರಿಯಲ್ಲಿ ಬೈಕ್ ಜಾರಿ ಅವನು ಸತ್ತ. ಅದಕ್ಕೂ ಮೊದಲು, ಹಿಂದಿನ ಚಳಿಗಾಲದಲ್ಲಿ ತಂದದ್ದರಲ್ಲಿ ಇದೊಂದು ಉಳಿದು ತರಕಾರಿ ಡಬ್ಬಿಯ ಹಿಂದೆ ಮಲಗಿತ್ತು. ಎಸೆಯಲು ಅವಳಿಗೆ ಕೈ ಬಂದಿರಲಿಲ್ಲ.

ಮಂಗಳೂರಿನ ಚಳಿ ಎಂದರೆ ಡಿಸೆಂಬರಿನ ಕೆಲವು ರಾತ್ರಿ ಫ್ಯಾನ್ ಆರಿಸಿ ಮಲಗುವುದು, ಅಷ್ಟೇ. ಆದರೆ ಜಿತೇಶ ಬೈಕಂಪಾಡಿಯ ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ಸೂಪರ್‌ವೈಸರ್. ದಿನವಿಡೀ ಮಂಜುಗಡ್ಡೆಯ ನಡುವೆ ಓಡಾಡುವವನು. ತನಗೆ ವರ್ಷವಿಡೀ ಚಳಿಗಾಲ ಎನ್ನುತ್ತಿದ್ದ. ಮನೆಗೆ ಬಂದವನೇ ಅಮ್ಮನ ಹೊದಿಕೆಯೊಳಗೆ ಕೈ ತೂರಿಸಿ ಅವರ ಪಾದ ಹಿಡಿಯುತ್ತಿದ್ದ, ಕೈ ಬೆಚ್ಚಗಾಗಲೆಂದು. ಮುದ್ದು ಕಾಲು ಝಾಡಿಸಿ ಬೈಯುತ್ತಿದ್ದರು. ಸತ್ತವರ ಕೈ ಹಾಗೆ ಉಂಟು ಎಂದೂ ಒಮ್ಮೆ ಅಂದುಬಿಟ್ಟಿದ್ದರು.

ದೀಪಾವಳಿ ಹತ್ತಿರವಾದಂತೆ ಅವನು ಚಳಿಗಾಲದ ಬಿಯರ್ ಆರಿಸಲು ಹೊರಡುತ್ತಿದ್ದ. ಬೇಸಗೆಯ ತೆಳು ಹಳದಿ ಬಿಯರ್ ಆಗ ಬೇಡ. ಸಣ್ಣ ಬ್ರೂವರಿಗಳು ಸ್ವಲ್ಪ ಸ್ವಲ್ಪವೇ ತಯಾರಿಸುವ ಕಪ್ಪು ಸ್ಟೌಟ್ ಬೇಕು. ಹುರಿದ ಬಾರ್ಲಿ ಅದಕ್ಕೆ ಕಾಫಿಯ ಕಹಿ ಕೊಡುತ್ತದೆ, ಗಂಟಲಿಳಿದ ಮೇಲೆ ಬೆಲ್ಲದ ಪಾಕದಂತೆ ನಿಲ್ಲುತ್ತದೆ. ಕಪ್ಪು ಬಿಯರನ್ನು ಫ್ರಿಜ್ಜಿನಿಂದ ತೆಗೆದ ಕೂಡಲೇ ಕುಡಿದರೆ ಪರಿಮಳ ಸತ್ತಿರುತ್ತದೆಂದು ಮೊದಲೇ ಹೊರಗಿಟ್ಟು, ಬಾಟಲಿಯ ಬೆವರು ಒಣಗುವವರೆಗೆ ಕಾಯುತ್ತಿದ್ದ. ಒಂದೇ ಲೋಟ, ಇಬ್ಬರಿಗೂ. ಮೊದಲ ಗುಟುಕು ಅವಳದು. ಇದು ಚಳಿಗಾಲದ್ದು ಹೌದೋ ಅಲ್ಲವೋ ಎಂದು ಅವಳು ತೀರ್ಪು ಕೊಡಬೇಕು. ಅಲ್ಲ ಎಂದರೆ ಅವನು ಮುಟ್ಟುತ್ತಿರಲಿಲ್ಲ.

ಖಾಲಿ ಲೋಟವನ್ನು ಬೆಳಕಿಗೆ ಹಿಡಿದು ತೋರಿಸುತ್ತಿದ್ದ. ಒಂದೊಂದು ಗುಟುಕಿಗೂ ಗಾಜಿನ ಒಳಮೈಗೆ ನೊರೆಯ ಒಂದು ಸುತ್ತು ಅಂಟಿಕೊಂಡಿರುತ್ತಿತ್ತು. ಅವನದಕ್ಕೆ ಬಳೆ ಎನ್ನುತ್ತಿದ್ದ. ಕುಡಿಯದೆ ಇಟ್ಟರೆ ಬಳೆ ಮೂಡುವುದಿಲ್ಲ, ನೊರೆ ಸುಮ್ಮನೆ ಕುಸಿಯುತ್ತದೆ.

"ಬಳೆ ನೋಡಿದ್ರೆ ಗೊತ್ತಾಗ್ತದೆ ಮಾರಾಯ್ತಿ, ಯಾರು ಸಾವಕಾಶ ಕುಡಿದದ್ದು, ಯಾರು ಬರೀ ಕುಡುಕ ಅಂತ."

ಅಕ್ಟೋಬರಿನಲ್ಲಿ ಮುದ್ದುವಿನ ಕಾಲಿಗೆ ಚಳಿ ಹಿಡಿಯಿತು. ಹೊರಗೆ ಅಂಗಿ ಬೆನ್ನಿಗಂಟುವಷ್ಟು ಸೆಕೆ, ಒಳಗೆ ಅವರು ಮಗನ ಸಾಕ್ಸ್ ಹಾಕಿಕೊಂಡು ಎರಡು ಹೊದಿಕೆ ಹೊದ್ದು ಮಲಗಿರುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಯಾರೋ ಪಾದ ಹಿಡಿದ ಹಾಗಾಗುತ್ತದೆ ಎಂದರು. ಡಾಕ್ಟರು ರಕ್ತದ ಓಡಾಟ ಕಡಿಮೆ ಎಂದು ಮಾತ್ರೆ ಕೊಟ್ಟರು. ಮಾತ್ರೆ ಮುಗಿಯಿತು, ಚಳಿ ಹೋಗಲಿಲ್ಲ. ಊಟ ಕಡಿಮೆಯಾಯಿತು. ಅಂಗಳದ ತುಳಸಿಯವರೆಗೆ ನಡೆಯುವುದೂ ನಿಂತಿತು.

ಅತ್ತೆಯ ಕಾಲು ತಣ್ಣಗಾದ ಸಂಜೆಗಳಲ್ಲೇ ಬಾಟಲಿ ಹೊರಗೆ ಬಂದಿರುತ್ತದೆ ಎಂಬುದನ್ನು ಯಶ್ಮಿತಾ ಗಮನಿಸಿದಳು. ಬಲ್ಮಠದ ಕಾಲೇಜಿನ ಲೈಬ್ರರಿಯಿಂದ ಬಂದು ಚಪ್ಪಲಿ ಬಿಡುವಾಗಲೇ ಅಡುಗೆಮನೆಯತ್ತ ಕಣ್ಣು ಹೋಗುತ್ತಿತ್ತು. ಬಾಟಲಿ ಕಟ್ಟೆಯ ಮೇಲೆ ಬೆವರುತ್ತ ನಿಂತಿರುತ್ತಿತ್ತು. ಅವಳು ಒರೆಸಿ ಮತ್ತೆ ಒಳಗಿಡುತ್ತಿದ್ದಳು. ಯಾರಿಗೂ ಹೇಳಲಿಲ್ಲ. ಏಪ್ರಿಲಿನಿಂದ ಅವಳಿಗೆ ಏನೂ ತಟ್ಟಿರಲಿಲ್ಲ. ಅತ್ತಿರಲಿಲ್ಲ, ಅನ್ನಕ್ಕೆ ರುಚಿ ಇರಲಿಲ್ಲ, ಯಾರಾದರೂ ಮೈ ಮುಟ್ಟಿದರೆ ಬೇರೆ ಯಾರದೋ ಮೈ ಮುಟ್ಟಿದ ಹಾಗಿರುತ್ತಿತ್ತು. ಬಾಟಲಿ ಕಂಡಾಗ ಮಾತ್ರ ಕತ್ತಿನ ಹಿಂದೆ ರೋಮ ಏಳುತ್ತಿತ್ತು. ಅಷ್ಟಾದರೂ ಇತ್ತಲ್ಲ. ಅವಳು ಒಂದು ಬಸ್ಸು ಮುಂಚೆಯೇ ಹಿಡಿದು ಮನೆಗೆ ಬರತೊಡಗಿದಳು.

ಮುದ್ದುವಿನ ಅಣ್ಣ ಬೂಬ ಮಾವ ಸುರತ್ಕಲ್ಲಿನಿಂದ ಬಂದು ತಂಗಿಯ ಕಾಲು ಮುಟ್ಟಿ ನೋಡಿದರು. ದೀಪಾವಳಿಯ ಅಮಾವಾಸ್ಯೆಗೆ ಹುಡುಗನಿಗೆ ಬಡಿಸಬೇಕು ಎಂದರು. ಒಳಕೋಣೆಯಲ್ಲಿ ಎಲೆ ಹಾಕಿ, ಸತ್ತವನಿಗೆ ಇಷ್ಟವಾದದ್ದೆಲ್ಲ ಇಟ್ಟು, ಬಾಗಿಲು ಮುಚ್ಚಿ ಹೊರಗೆ ಕೂರುವ ಪದ್ಧತಿ ಆ ಮನೆತನದಲ್ಲಿ ಮೊದಲಿನಿಂದ ಉಂಟು. ಬಡಿಸಿದ್ದನ್ನು ಜೀವಂತ ಇದ್ದವರು ರುಚಿ ನೋಡಬಾರದು, ಉಪ್ಪು ಸರಿ ಉಂಟಾ ಎಂದು ಸಹ. ನೋಡಿದರೆ ಸತ್ತವರ ಪಾಲು ಅವರಿಗೂ ಅಂಟುತ್ತದೆ.

"ತೆಗೊಂಡ್ರೆ ಹಿರಿಯರ ಸಾಲಿಗೆ ಸೇರ್ತಾನೆ," ಎಂದರು ಬೂಬ ಮಾವ. "ಮತ್ತೆ ಈಚೆ ಬರುವುದಿಲ್ಲ. ಕುಡಿಯುವುದು ಎಂತ ಇಡಬೇಕು ಅಂತ ನಿನಗೇ ಗೊತ್ತು ಮಗಾ. ನೀನೇ ತಾ."

ಮಗ ಕುಡಿಯುವುದೇ ಗೊತ್ತಿಲ್ಲವೆಂಬಂತೆ ಅಷ್ಟು ವರ್ಷ ನಟಿಸಿದ್ದ ಮುದ್ದು ಹೊದಿಕೆಯೊಳಗಿನಿಂದಲೇ, ಆ ಕಪ್ಪು ಕಷಾಯ ಉಂಟಲ್ಲ, ಅದೇ ಆಗಬೇಕು ಎಂದರು.

ಯಶ್ಮಿತಾ ತಲೆಯಾಡಿಸಿದಳು. ಮತ್ತೆ ಈಚೆ ಬರುವುದಿಲ್ಲ ಎಂಬ ಮಾತು ಮಾತ್ರ ಅವಳ ಕಿವಿಯಲ್ಲಿ ಉಳಿಯಿತು.

ಮರುದಿನ ಕೆಲಸ ಮುಗಿಸಿ ಬಲ್ಮಠದ ವೈನ್ ಶಾಪಿಗೆ ಹೋದಳು. ಅಲ್ಲಿನ ಮುಖೇಶ ಜಿತೇಶನ ಗೆಳೆಯ. ಅವಳನ್ನು ಕೌಂಟರಿನ ಗದ್ದಲದಿಂದ ಪಕ್ಕಕ್ಕೆ ಕರೆದು, ಚಳಿಗಾಲಕ್ಕೆಂದು ಆ ವಾರವಷ್ಟೇ ಬಂದಿದ್ದ ಬಾಟಲಿಗಳನ್ನು ಸಾಲಾಗಿ ಇಟ್ಟ. ಕಿತ್ತಳೆ ಸಿಪ್ಪೆ, ಚಕ್ಕೆ ಹಾಕಿದ ಕೆಂಪು ಬಿಯರ್ ಒಂದು. ಅದು ಬರೀ ಹಬ್ಬದ ಷೋಕಿ, ಎರಡನೇ ಲೋಟಕ್ಕೆ ಬೇಜಾರು ಬರುತ್ತದೆ ಎಂದ. ಬೆಲ್ಲ ಹಾಕಿದ ಪೋರ್ಟರ್ ಬಿಯರ್ ಕಪ್ಪೇ ಆದರೂ ಹಗುರ, ಕಪ್ಪು ಬಿಯರಿಗೆ ಹೊಸಬರಾದವರಿಗೆ ಸರಿ. ಕಾಫಿ ಬೀಜದಲ್ಲಿ ನೆನೆಸಿದ ಸ್ಟೌಟ್ ದಪ್ಪ, ಊಟದ ನಂತರ ಕೂತು ಕುಡಿಯುವಂಥದ್ದು. ಅದನ್ನು ಎತ್ತಿ ಟ್ಯೂಬ್‌ಲೈಟಿಗೆ ಹಿಡಿದ. ಬೆಳಕು ದಾಟಲಿಲ್ಲ. ಜಿತೇಶ ಇದ್ದಿದ್ದರೆ ಇದನ್ನೇ ಹಿಡಿಯುತ್ತಿದ್ದ ಎಂದ.

ಯಶ್ಮಿತಾ ಮುಖೇಶನ ಬೆನ್ನ ಹಿಂದಿದ್ದ ಫ್ರಿಜ್ಜಿನತ್ತ ಕೈ ತೋರಿಸಿದಳು. ಗೋಧಿಯ ಬಿಯರ್, ತೆಳು, ಮಬ್ಬು ಹಳದಿ. ಮೇ ತಿಂಗಳ ಮಧ್ಯಾಹ್ನಕ್ಕೆ ಹೇಳಿ ಮಾಡಿಸಿದ್ದು. ಜಿತೇಶ ಅದನ್ನು ಅಕ್ಕಿ ತೊಳೆದ ನೀರು ಎಂದು ಗೇಲಿ ಮಾಡುತ್ತಿದ್ದ.

"ಅವನಿಗೆ ಇಡ್ಲಿಕ್ಕೆ ಅಲ್ವಾ ಅತ್ತಿಗೆ?" ಮುಖೇಶ ಕೇಳಿದ. "ಇದನ್ನು ಅವ ಮುಟ್ಟುವುದಿಲ್ಲ."

"ಗೊತ್ತುಂಟು," ಎಂದಳು.

ಅಮಾವಾಸ್ಯೆಯ ದಿನ ಹಗಲೆಲ್ಲ ಅಡುಗೆಯಾಯಿತು. ಕಪ್ಪು ಬಾಟಲಿಯನ್ನು ಯಶ್ಮಿತಾ ತರಕಾರಿ ಡಬ್ಬಿಯ ಹಿಂದೆ ಇನ್ನಷ್ಟು ಒಳಕ್ಕೆ ತಳ್ಳಿದಳು. ಕತ್ತಲಾಗುವ ಹೊತ್ತಿಗೆ ಬೂಬ ಮಾವ ಒಳಕೋಣೆಯಲ್ಲಿ ಮಣೆ ಹಾಕಿ, ಎಲೆ ಇಟ್ಟು, ಅನ್ನ, ಕೋಳಿಸಾರು, ರೊಟ್ಟಿ, ಹುರಿದ ಒಣಮೀನು ಬಡಿಸಿದರು. ಗೋಧಿ ಬಿಯರನ್ನು ಅವಳು ಫ್ರಿಜ್ಜಿನಿಂದ ತೆಗೆದದ್ದೇ ಅವನ ಉದ್ದ ಲೋಟಕ್ಕೆ ಸುರಿದು ಎಲೆಯ ಬಲಕ್ಕೆ ಇಟ್ಟಳು. ಮುದ್ದುವಿಗೆ ಬಣ್ಣ ಕಂಡಿರಬೇಕು. ಸೊಸೆಯ ಮುಖ ನೋಡಿದರು.

ಬಾಗಿಲು ಮುಚ್ಚಿ ಮೂವರೂ ಚಾವಡಿಯಲ್ಲಿ ಕೂತರು. ಪಕ್ಕದ ಬೀದಿಯಲ್ಲಿ ಪಟಾಕಿ ಸಿಡಿಯುತ್ತಿತ್ತು. ಕೋಣೆಯಿಂದ ಸದ್ದಿಲ್ಲ. ಸಾಕೆನಿಸಿದಾಗ ಬೂಬ ಮಾವ ಕೆಮ್ಮಿ, ಒಳಗಿದ್ದವರು ಏಳಲೆಂದು ಬಾಗಿಲು ಬಡಿದು ತೆರೆದರು.

ಲೋಟ ತುಂಬಿದ್ದು ತುಂಬಿದಂತೆಯೇ ಇತ್ತು. ನೊರೆ ಕುಸಿದು ಅಂಚಿನಲ್ಲಿ ಒಂದಿಷ್ಟು ಕಸದಂತೆ ಉಳಿದಿತ್ತು. ಸತ್ತವರು ಉಂಡರೆ ಅನ್ನದ ಮೇಲೆ ಬೆರಳಿನ ಗುರುತೊಂದು ಬೀಳುತ್ತದೆ ಎನ್ನುತ್ತಾರೆ. ಬೂಬ ಮಾವ ದೀಪ ಬಾಗಿಸಿ ನೋಡಿ, ಇಲ್ಲ ಎಂದು ಕೈಯಾಡಿಸಿದರು. ಯಶ್ಮಿತಾಳ ಎದೆ ಹಗುರವಾಯಿತು. ಅವನು ಹೋಗುವುದಿಲ್ಲ. ನಾಳೆ ಸಂಜೆಯೂ ಬಾಟಲಿ ಕಟ್ಟೆಯ ಮೇಲಿರುತ್ತದೆ.

ಮುದ್ದು ಗೋಡೆ ಹಿಡಿದು ಹೊಸ್ತಿಲವರೆಗೆ ಬಂದರು. ಸಾಕ್ಸ್ ಹಾಕಿದ ಕಾಲು ನೆಲಕ್ಕೆ ಸರಿಯಾಗಿ ಊರುತ್ತಿರಲಿಲ್ಲ. ಖಾಲಿ ಮಣೆಯನ್ನು ನೋಡುತ್ತ, ಊಟಕ್ಕೆ ತಡವಾದ ಮಗನೊಡನೆ ಮಾತಾಡುವಂತೆ ಮೆಲ್ಲಗೆ ಹೇಳಿದರು:

"ನಿನಗೆ ಅಷ್ಟು ಚಳಿಯಾಗ್ತದಾ ಮಗಾ? ಬೇಕಾದ್ರೆ ನನ್ನನ್ನು ಕರ್ಕೊಂಡು ಹೋಗು. ಹೀಗೆ ಚಳಿಯಲ್ಲಿ ತಿರುಗಬೇಡ."

ಅವನು ತನಗಾಗಿ ಬರುತ್ತಾನೆಂದು ಯಶ್ಮಿತಾ ತಿಳಿದಿದ್ದಳು. ಅವನಿಗೆ ಚಳಿಯಾಗುತ್ತಿರಬಹುದು ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ. ಪ್ರತಿ ಸಂಜೆ ಅವನು ಬಾಟಲಿ ಹೊರಗಿಟ್ಟು ಕಾದಿದ್ದ. ಪ್ರತಿ ಸಂಜೆ ಅವಳು ಅದನ್ನು ಒರೆಸಿ ಒಳಗಿಟ್ಟಿದ್ದಳು.

ಅಡುಗೆಮನೆಗೆ ಹೋದಳು. ಫ್ರಿಜ್ಜು ತೆರೆಯಬೇಕಾಗಲಿಲ್ಲ. ಕಪ್ಪು ಬಾಟಲಿ ಕಟ್ಟೆಯ ಮೇಲೆ ನಿಂತಿತ್ತು. ಬೆವರು ಪೂರ್ತಿ ಒಣಗಿತ್ತು.

ಲೋಟವನ್ನು ತಂದು ತೊಳೆದು, ಓರೆ ಹಿಡಿದು, ಅವನು ಸುರಿಯುವಂತೆ ನಿಧಾನವಾಗಿ ಸುರಿದಳು. ಹಾಲು ಬೆರೆಸಿದ ಕಾಫಿಯ ಬಣ್ಣದ ನೊರೆ ಎದ್ದಿತು. ಬೂಬ ಮಾವ ದಾರಿ ಬಿಟ್ಟರು. ಎಲೆಯ ಮುಂದೆ ಮಂಡಿಯೂರಿದಾಗ ಅವಳಿಗೆ ನೆನಪಾಯಿತು, ತೀರ್ಪು ಕೇಳದೆ ಅವನು ಕುಡಿಯುವುದಿಲ್ಲ. ಬಾಗಿಲಿಗೆ ಬೆನ್ನು ಮಾಡಿ ಲೋಟವನ್ನು ತುಟಿಗೆತ್ತಿ ಒಂದು ಗುಟುಕು ಕುಡಿದಳು. ಏಪ್ರಿಲಿನ ನಂತರ ಮೊದಲ ಸಲ ನಾಲಿಗೆಗೆ ರುಚಿ ಹತ್ತಿತು. ಕಹಿ, ಆಮೇಲೆ ಬೆಲ್ಲ.

"ಇದು ಚಳಿಗಾಲದ್ದೇ," ಎಂದಳು.

ಬಾಗಿಲು ಮತ್ತೆ ಮುಚ್ಚಿತು. ಈ ಸಲ ಪಟಾಕಿಯೂ ಕೇಳಿಸಲಿಲ್ಲ. ಬೂಬ ಮಾವ ಬಡಿದು ತೆರೆದಾಗ ಲೋಟ ಖಾಲಿಯಾಗಿತ್ತು. ಗಾಜಿನ ಒಳಮೈಯಲ್ಲಿ ಒಂದರ ಕೆಳಗೊಂದು ನೊರೆಯ ಬಳೆಗಳು ತಳದವರೆಗೂ ಇಳಿದಿದ್ದವು, ಬಿಡುವು ಬಿಡುವಾಗಿ, ಅವಸರವಿಲ್ಲದೆ ಕುಡಿದವನವು. ಎಲ್ಲಕ್ಕಿಂತ ಮೇಲಿನದು ಅವಳದು. ಬೂಬ ಮಾವ ಆ ಲೋಟವನ್ನು ನೋಡಿದರು, ಅವಳ ತುಟಿಯ ಮೇಲಿದ್ದ ನೊರೆಯನ್ನು ನೋಡಿದರು. ಆಮೇಲೆ ಎಲೆ ಮಡಿಸಿದರು.

ಅವರು ಹೊರಟ ಮೇಲೆ ಮುದ್ದು ಮಂಚದ ಮೇಲೆ ಕೂತು ತಾವಾಗಿಯೇ ಸಾಕ್ಸ್ ಕಳಚಿದರು. ಸೆಕೆ ಆಗ್ತದೆ ಎಂದು ಒಂದು ಹೊದಿಕೆಯನ್ನೂ ಸರಿಸಿದರು. ಯಶ್ಮಿತಾ ಕೆಳಗೆ ಕೂತು ಅವರ ಪಾದ ಮುಟ್ಟಿ ನೋಡಿದಳು. ಬೆಚ್ಚಗಿದ್ದವು.

ಮುದ್ದು ಬೆಚ್ಚಿ ಕಾಲು ಎಳೆದುಕೊಂಡರು.

"ನಿನ್ನ ಕೈ," ಎಂದರು. ಮುಂದಿನದನ್ನು ಹೇಳಲಿಲ್ಲ.

ಯಶ್ಮಿತಾ ಅಂಗೈಗಳನ್ನು ಕೆನ್ನೆಗೆ ಒತ್ತಿಕೊಂಡಳು. ಐಸಿನಲ್ಲಿ ಮೀನು ಎತ್ತಿ ಬಂದವರ ಕೈ. ಅಷ್ಟು ತಿಂಗಳು ಬಾರದ ಅಳು ಆಗ ಬಂತು. ಮುದ್ದು ಅವಳನ್ನೇ ನೋಡಿದರು. ಆಮೇಲೆ ಹೊದಿಕೆಯ ಅಂಚೆತ್ತಿ, ಅವಳ ಎರಡೂ ಕೈಗಳನ್ನು ಒಳಗೆಳೆದು ತಮ್ಮ ಪಾದಗಳ ನಡುವೆ ಅದುಮಿಕೊಂಡರು.

"ಇರ್ಲಿ. ಬೆಚ್ಚಗಾಗುವವರೆಗೆ ಇರ್ಲಿ."

ಪಟಾಕಿಗಳೆಲ್ಲ ಮುಗಿದು ಬೀದಿ ಸುಮ್ಮನಾಯಿತು. ಕೈಗಳು ಇನ್ನೂ ಹಾಗೆಯೇ ಇದ್ದವು. ಮುದ್ದು ಕಾಲು ತೆಗೆಯಲಿಲ್ಲ.